ಸೀಸರ್ ಇಲ್ಲದ ಏಳನೇ ಪುಸ್ತಕ

ಕಾಲೀನ್ ಮೆಕಲೋ ಅವರ, ಪ್ರಾಚೀನ ರೋಮ್ ಕುರಿತ 'ಮಾಸ್ಟರ್ಸ್ ಆಫ್ ರೋಮ್' ಕಾದಂಬರಿ ಸರಣಿಯ ಏಳನೇ ಪುಸ್ತಕ 'ಆಂಟನಿ ಅಂಡ್ ಕ್ಲಿಯೋಪಾತ್ರ'. ಇದೇ ಕೊನೆಯದು. ಕಳೆದ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತವಳು, ಉಳಿದಿದ್ದ ಪುಟಗಳನ್ನೆಲ್ಲ ಓದಿಯೇ ಎದ್ದೆ. ಮೊದಲ ಪುಸ್ತಕ ಬಂದಿದ್ದು 1990ರಲ್ಲಿ, ಇದು 2007ರಲ್ಲಿ. ಲೇಖಕಿ ಆರನೆಯದಕ್ಕೇ ನಿಲ್ಲಿಸುವವರಿದ್ದರು. ಓದುಗರು ಬಿಡಲಿಲ್ಲ, ಇದನ್ನೂ ಬರೆಸಿಕೊಂಡರು.

ನನಗೆ ಈ ರೋಮ್ ಹುಚ್ಚು ಹಿಡಿಸಿದ್ದು ನಮ್ಮಕ್ಕ. ಆರನೆಯದರಲ್ಲಿ ಸೀಸರ್ ಸತ್ತ ಮೇಲೆ ಅವಳು ಮುಂದೆ ಓದಲೇ ಇಲ್ಲ. "ಅವನೇ ಹೋದ ಮೇಲೆ ಇನ್ನೇನಿದೆಯೇ ಅದರಲ್ಲಿ?" ಅಂತಾಳೆ. ಅವಳಿಗೆ ಹಾಗನ್ನಿಸಿದ್ದು ಸಹಜವೇ. ಸೀಸರ್‌ನ ತಾಯಿ ಔರೇಲಿಯಾ ದೊಡ್ಡ ಮನೆತನದ ಹೆಣ್ಣು. ಆದರೂ ಸುಬುರಾ ಅನ್ನುವ ಗಿಜಿಗುಡುವ ಬಡವರ ಕೇರಿಯ ವಠಾರದಲ್ಲಿ ಸಂಸಾರ ಹೂಡುತ್ತಾಳೆ. ಬಾಡಿಗೆಯವರ ಜಗಳ, ದುಡ್ಡಿನ ಲೆಕ್ಕ, ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಾಳೆ. ಆ ಮಗು ಅಲ್ಲೇ ಓಡಾಡಿಕೊಂಡು ಬೆಳೆದಿದ್ದನ್ನು ನಾವು ನೋಡಿದ್ದೀವಿ. ಅವನಿಗೆ 23 ಇರಿತ ಬೀಳುವ ಪುಟವನ್ನು ಓದೋದು ಸುಲಭ ಅಲ್ಲ.

ಏಳನೆಯದನ್ನು ಕೈಗೆತ್ತಿಕೊಂಡಾಗ ನಾನು ಇಷ್ಟಪಟ್ಟವರು ಯಾರೂ ಉಳಿದಿರಲಿಲ್ಲ. ಮೊದಲ ಪುಸ್ತಕಗಳ ಸೇನಾನಿಗಳಾದ ಮಾರಿಯಸ್ ಇಲ್ಲ, ಸುಲ್ಲಾ ಇಲ್ಲ, ಔರೇಲಿಯಾ ಇಲ್ಲ. ಉಳಿದವನು ಸೀಸರ್ ದತ್ತು ತೆಗೆದುಕೊಂಡ ವಾರಸುದಾರ ಆಕ್ಟೇವಿಯನ್. ಉಬ್ಬಸದಿಂದ ಏದುಸಿರು ಬಿಡುವ, ಯುದ್ಧಭೂಮಿಯಲ್ಲಿ ನಿಲ್ಲಲಾಗದ, ಯಾರಿಗೂ ಮನಸ್ಸು ಬಿಚ್ಚದ ಹುಡುಗ. ಗೆಲ್ಲುವವನು ಅವನೇ ಅಂತ ಇತಿಹಾಸ ಮೊದಲೇ ಹೇಳಿಬಿಟ್ಟಿದೆ. ಆದರೂ ಅವನ ಎದುರಾಳಿ, ಸೀಸರ್ ಕೈಕೆಳಗೆ ಸೇನಾನಿಯಾಗಿದ್ದ ಆಂಟನಿ ಗೆಲ್ಲಲಿ ಅಂತ ಮನಸ್ಸು ಎಳೆಯುತ್ತಿತ್ತು. ಕ್ರಿ.ಪೂ. 36ರಲ್ಲಿ ಆಂಟನಿ ರೋಮ್‌ನ ಪೂರ್ವದ ಶತ್ರುಗಳಾದ ಪಾರ್ಥಿಯನ್ನರ ಮೇಲೆ ದಂಡೆತ್ತಿ ಹೋಗಿ, ಚಳಿಯಲ್ಲಿ ಸೈನಿಕರನ್ನು ಕಳೆದುಕೊಳ್ಳುತ್ತಾ ವಾಪಸ್ ಬರುವ ಭಾಗ ಓದುವಾಗ ಆ ಆಸೆ ಸತ್ತುಹೋಯಿತು. ಅದೇ ವರ್ಷ ಅತ್ತ ಅಗ್ರಿಪ್ಪ ಆಕ್ಟೇವಿಯನ್‌ಗೋಸ್ಕರ ಸಮುದ್ರದ ಯುದ್ಧ ಗೆಲ್ಲುತ್ತಾನೆ. ಅದಕ್ಕೂ ಮೊದಲು, ಹಡಗಿನವರಿಗೆ ತಾಲೀಮು ಕೊಡೋಕೆ ಜಾಗ ಬೇಕು ಅಂತ ಅವೆರ್ನಸ್ ಕೆರೆಗೆ ಸಮುದ್ರದಿಂದ ಕಾಲುವೆ ತೋಡಿಸಿ ಬಂದರನ್ನೇ ಮಾಡಿಸಿದ್ದ! ಇಂಥ ಗೆಳೆಯನನ್ನು ಗುರುತಿಸಿ, ಪಕ್ಕದಲ್ಲಿ ಇಟ್ಟುಕೊಂಡು, ಅವನ ಮೇಲೆ ಪೂರ್ತಿ ನಂಬಿಕೆ ಇಡೋದೂ ಒಂದು ದೊಡ್ಡ ಶಕ್ತಿ ಅಲ್ವಾ? ಆಕ್ಟೇವಿಯನ್ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅಲ್ಲಿ. ಸೀಸರ್‌ಗೆ ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳಲ್ಲಿ ಹುಟ್ಟಿದ ಮಗ ಸೀಸರಿಯನ್‌ನನ್ನು ಅವನು ಉಳಿಯೋಕೆ ಬಿಡಲಿಲ್ಲ ಅನ್ನೋದನ್ನು ಮಾತ್ರ ಇವತ್ತಿಗೂ ಒಪ್ಪೋಕಾಗುತ್ತಿಲ್ಲ. ಹದಿನೇಳರ ಹುಡುಗ ಅವನು.

ಆಂಟನಿ, ಕ್ಲಿಯೋಪಾತ್ರ ಸೋತ ಆಕ್ಟಿಯಂ ಯುದ್ಧ ಬೇಗ ಮುಗಿದುಹೋಯಿತು. ನನ್ನನ್ನು ಹಿಡಿದು ಕೂರಿಸಿದ್ದು ಕ್ರಿ.ಪೂ. 27. ಆ ಜನವರಿಯಲ್ಲಿ ಆಕ್ಟೇವಿಯನ್ ತನ್ನ ಅಧಿಕಾರವನ್ನೆಲ್ಲ ರೋಮ್‌ನ ಹಿರಿಯರ ಸಭೆಯಾದ ಸೆನೆಟ್‌ಗೆ ಒಪ್ಪಿಸುತ್ತೀನಿ ಅನ್ನುತ್ತಾನೆ. ಅವರು ಬೇಡ ಅಂತ ಅವನಿಗೇ ಕೊಟ್ಟು, 'ಅಗಸ್ಟಸ್' ಅಂತ ಹೆಸರಿಡುತ್ತಾರೆ. ಮೊದಲ ಪುಸ್ತಕ ಶುರುವಾಗೋದೂ ಜನವರಿಯಲ್ಲೇ, ಕ್ರಿ.ಪೂ. 110ರ ಹೊಸ ವರ್ಷದ ದಿನ. ರೋಮ್ ಆಳುವ ಹೊಸ ಕಾನ್ಸಲ್‌ಗಳು ಪದವಿಗೇರುವ ಮೆರವಣಿಗೆ. ವರ್ಷಕ್ಕೆ ಇಬ್ಬರು, ಒಂದೇ ವರ್ಷ, ಆಮೇಲೆ ಇಳಿಯಬೇಕು. ಜರ್ಮನ್ನರು ಬರುತ್ತಿದ್ದಾರೆ, ಇದೊಂದು ಸಲ ಇರಲಿ ಅಂತ ಮಾರಿಯಸ್‌ನನ್ನು ಸಾಲಾಗಿ ಐದು ವರ್ಷ ಆರಿಸಿದರು. ಆಮೇಲೆ, ಕ್ರಿ.ಪೂ. 88ರಲ್ಲಿ, ಸುಲ್ಲಾ ತನ್ನೂರಿನ ಮೇಲೇ ಸೈನ್ಯ ನುಗ್ಗಿಸಿದ. ಅವನದೂ ಇದೊಂದು ಸಲ. 49ರಲ್ಲಿ ಸೀಸರ್ ಕಾನೂನು ಮೀರಿ ಸೈನ್ಯದ ಜೊತೆ ರೂಬಿಕಾನ್ ನದಿ ದಾಟಿದ. 43ರಲ್ಲಿ ಹತ್ತೊಂಬತ್ತರ ಆಕ್ಟೇವಿಯನ್ ಕಾನ್ಸಲ್ ಆದ. ಒಬ್ಬೊಬ್ಬರಿಗೂ ಅವರವರ ಕಾರಣ ಇತ್ತು. ಓದುವಾಗ ನಾನೂ ಪ್ರತಿ ಸಲ ಅವರ ಪರವಾಗಿಯೇ ಇದ್ದೆ. ಕೊನೆಗೆ ಅಧಿಕಾರ ವಾಪಸ್ ಕೊಡ್ತೀನಿ ಅಂದರೂ ತಗೊಳ್ಳೋಕೆ ಯಾರೂ ಕೈ ಚಾಚದ ಸ್ಥಿತಿಗೆ ಬಂದಿತ್ತು ರೋಮ್. ಏಳನೇ ಪುಸ್ತಕ ಇಲ್ಲದಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ. ಆರಕ್ಕೇ ನಿಲ್ಲಿಸಿದರೆ ಅದು ಸೀಸರ್ ಕತೆ ಆಗುತ್ತೆ. ಏಳೂ ಓದಿದರೆ ರೋಮ್ ಕತೆ.

1891ರಲ್ಲಿ ನಮ್ಮ ಯಶವಂತಪುರದಲ್ಲಿ ರೈಲು ಕೆಲಸಕ್ಕೆ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಅದರಲ್ಲಿ ಅಗಸ್ಟಸ್‌ನವೂ ಇದ್ದವು. ಈ ವಿಷಯ ಮೊದಲೇ ಗೊತ್ತಿತ್ತು, ಸುಮ್ನೆ ಓದಿ ಬಿಟ್ಟಿದ್ದೆ. ಈಗ ಆ ಹೆಸರು ಕೇಳಿದರೆ, ಉಸಿರು ಸಿಗದೆ ಒದ್ದಾಡುತ್ತಿದ್ದ ಆ ಹುಡುಗ ಕಣ್ಣ ಮುಂದೆ ಬರುತ್ತಾನೆ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಅಗಸ್ಟಸ್, ಸೆನೆಟ್ ಎಲ್ಲ ವಿವರಿಸಿದೆ. "ಹ್ಞೂಂ, ಹ್ಞೂಂ" ಅಂದಳು ಅಷ್ಟೇ. ಆಮೇಲೆ ಆಕ್ಟೇವಿಯಾ ವಿಷಯ ಹೇಳಿದೆ. ಆಕೆ ಆಕ್ಟೇವಿಯನ್‌ನ ಅಕ್ಕ, ಆಂಟನಿಯ ಹೆಂಡತಿ. ಗಂಡ ಕ್ಲಿಯೋಪಾತ್ರಳ ಕಡೆ ಹೋಗಿ, ಆಕೆಗೆ ವಿಚ್ಛೇದನವನ್ನೂ ಕೊಟ್ಟ. ಅವನು ಸತ್ತ ಮೇಲೆ, ಕ್ಲಿಯೋಪಾತ್ರಳಲ್ಲಿ ಹುಟ್ಟಿದ ಅವನ ಮಕ್ಕಳನ್ನು ತನ್ನ ಮನೆಗೆ ತಂದು ಸಾಕಿದ್ದು ಇದೇ ಆಕ್ಟೇವಿಯಾ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಎಲ್ಲಾ ಮಕ್ಕಳನ್ನೂನಾ?"

"ಹೂಂ ಕಣೇ. ಬದುಕಿ ಉಳಿದ ಅಷ್ಟೂ ಮಕ್ಕಳನ್ನು."

"ಸರಿ, ಆ ಪುಸ್ತಕ ಯಾರಿಗೂ ಕೊಟ್ಟುಬಿಡಬೇಡ. ಹಬ್ಬಕ್ಕೆ ಬಂದಾಗ ತಗೊಂಡು ಹೋಗ್ತೀನಿ" ಅಂದಳು.