ಮಳೆಗಾಲದ ಬಿಲ್ಲು ನಂಬಿ ಕೆಟ್ಟೆ

ಜಲಜನಕದ ಸಿಲಿಂಡರ್ ಕೆಂಪು ಬಣ್ಣದ್ದು. ತೂಕ ಹತ್ತಿರಹತ್ತಿರ 60 ಕಿಲೋ. ಅದರಲ್ಲಿ ಅನಿಲ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು, ಉಳಿದದ್ದೆಲ್ಲ ಉಕ್ಕು. ಅಂಥ ಎರಡನ್ನು ಬಿದಿರಿಗೆ ಕಟ್ಟಿ, ಹೆಗಲ ಮೇಲೆ ಹೊತ್ತು, ಅಡಿಕೆ ಮರದ ಸಂಕ ದಾಟಿಸಿದ ದಿನ ನನಗೆ ಜಂಬವೇ ಬಂದಿತ್ತು. ಶಿರಸಿಯ ಆಚೆ, ಹಳ್ಳದಾಚೆಯ ಒಂಟಿ ಮನೆ ಅದು. ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದರೆ ವಾರಗಟ್ಟಲೆ ಕತ್ತಲೆ. ಚಾವಣಿಯ ಸೋಲಾರ್ ಫಲಕಕ್ಕೆ ಆ ತಿಂಗಳಲ್ಲಿ ಬಿಸಿಲಿನ ಮುಖ ಕಾಣುವುದೇ ಅಪರೂಪ. ಅದಕ್ಕೇ ನಮ್ಮ ಕಂಪನಿ ಪ್ರಯೋಗಕ್ಕೆಂದು, ಜಲಜನಕದಿಂದ ವಿದ್ಯುತ್ತು ಹುಟ್ಟಿಸುವ 1 ಕಿಲೋವ್ಯಾಟ್‌ನ ಯಂತ್ರ, ಅಂದರೆ ಫ್ಯೂಯಲ್ ಸೆಲ್, ಇಡಲು ಆ ಮನೆಯನ್ನು ಆರಿಸಿತ್ತು.

ಯಂತ್ರದ ಬಗ್ಗೆ ದೂರಿಲ್ಲ. ಬೆಂಕಿ ಇಲ್ಲ, ಹೊಗೆ ಇಲ್ಲ. ಜಲಜನಕವೂ ಗಾಳಿಯ ಆಮ್ಲಜನಕವೂ ಸೇರಿ ನೀರಾಗುವಾಗ ವಿದ್ಯುತ್ತು ಹುಟ್ಟುತ್ತದೆ. ಕೆಲಸ ಮಾಡುವಾಗ ಒಂದೊಂದು ಸೆಲ್ಲಿನಿಂದ ಬರುವುದು ಸುಮಾರು 0.7 ವೋಲ್ಟ್ ಮಾತ್ರ, ಹಾಗಾಗಿ ಹತ್ತಾರು ಸೆಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಕೊಳವೆಯ ತುದಿಯಿಂದ ತೊಟ್ಟಿಕ್ಕುವ ನೀರಿಗೆ ಮನೆಯ ಯಜಮಾನರು ಅಂಗೈ ಒಡ್ಡಿ, "ಇದನ್ನು ಕುಡಿಯಬಹುದೋ ತಮ್ಮಾ?" ಎಂದು ಕೇಳಿದ್ದರು. ಸಿಲಿಂಡರ್‌ಗಳನ್ನು ಕೊಟ್ಟಿಗೆಯ ಪಕ್ಕದ ತೆರೆದ ಮಾಡಿನಲ್ಲಿ ಸರಪಳಿ ಬಿಗಿದು ನಿಲ್ಲಿಸಿದೆವು. ಜಲಜನಕ ಸೋರಿದರೆ ಮೇಲಕ್ಕೇರುತ್ತದೆ. ಹಂಚಿನ ಸಂದು ಮಳೆಗೆ ಶಾಪವಾದರೂ ಈ ವಿಷಯದಲ್ಲಿ ವರ.

ಎಡವಿದ್ದು ನನ್ನ ಲೆಕ್ಕ. ಮಳೆಗಾಲಕ್ಕೆ ಬೇಕಾದ ವ್ಯವಸ್ಥೆಯಾದ್ದರಿಂದ ಹಿಂದಿನ ವರ್ಷದ ಜುಲೈ ಬಿಲ್ಲನ್ನೇ ಕೇಳಿ ಪಡೆದಿದ್ದೆ. 60 ಯೂನಿಟ್, ಅಂದರೆ ದಿನಕ್ಕೆ 2. ಒಂದು ಸಿಲಿಂಡರ್‌ನಿಂದ, ಇನ್ವರ್ಟರ್ ನುಂಗುವುದನ್ನು ಕಳೆದು, 8 ಯೂನಿಟ್ ಸಿಗುತ್ತದೆ. ಎರಡಕ್ಕೆ ಎಂಟು ದಿನ. ವರದಿಯಲ್ಲಿ ಹಾಗೆಯೇ ಬರೆದು ಸಹಿ ಹಾಕಿದೆ.

ಆಷಾಢದ ಗಾಳಿಗೆ ತಂತಿ ಹರಿಯಿತು. ಆರನೆಯ ದಿನ ಬೆಳಿಗ್ಗೆ ಫೋನು: ಯಂತ್ರ ನಿಂತಿದೆ.

ಸಂಕದ ಮೇಲೆ ನೀರು ಹರಿಯುತ್ತಿತ್ತು. ಸುತ್ತುಬಳಸಿ ತೋಟದ ದಾರಿಯಲ್ಲಿ ನಡೆದು ಹೋದೆ. ಎರಡೂ ಸಿಲಿಂಡರ್‌ಗಳ ಮುಳ್ಳು ಸೊನ್ನೆಯಲ್ಲಿ. ಸೋರಿಕೆ ಇರಬೇಕೆಂದು ಸೋಪಿನ ನೊರೆ ಬಳಿದು ಒಂದೊಂದು ಜೋಡಣೆಯನ್ನೂ ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಅನಿಲ ತುಂಬಿಸಿದವನು ಮೋಸ ಮಾಡಿದನೆಂದು ಮನಸ್ಸಿನಲ್ಲೇ ಬೈದೂ ಆಯಿತು. ಆಮೇಲೆ ಗೊತ್ತಾದಂತೆ, ಪಾಪ, ಅವನದೇನೂ ತಪ್ಪಿರಲಿಲ್ಲ.

ಕಾಫಿ ತಂದ ಮನೆಯ ಸೊಸೆ ನನ್ನ ಕಾಗದದ ಮೇಲೆ ಕಣ್ಣಾಡಿಸಿ ನಕ್ಕರು. "ಇದು ಜುಲೈ ಬಿಲ್ಲಲ್ಲವೇ? ಆ ತಿಂಗಳು ಹತ್ತು ದಿನ ಕರೆಂಟೇ ಇರಲಿಲ್ಲ. ಇಲ್ಲದ ಕರೆಂಟಿಗೆ ಬಿಲ್ಲು ಹೇಗೆ ಬರುತ್ತದೆ?"

60 ಯೂನಿಟ್ ಇಪ್ಪತ್ತು ದಿನದ್ದು. ದಿನಕ್ಕೆ 3. ಹದಿನಾರನ್ನು ಮೂರರಿಂದ ಭಾಗಿಸಿದರೆ ಐದು ದಿನ ಚಿಲ್ಲರೆ. ಯಂತ್ರ ನಿಂತದ್ದು ಸರಿಯಾದ ಹೊತ್ತಿಗೇ. ಹಿಂದೆ ಕರೆಂಟು ಹೋದರೆ ಫ್ರಿಜ್ಜೂ ಸುಮ್ಮನಾಗುತ್ತಿತ್ತು, ಟೀವಿಯೂ ಸುಮ್ಮನಾಗುತ್ತಿತ್ತು. ನಾವು ಬಂದ ಮೇಲೆ ಫ್ರಿಜ್ಜು ಮೊದಲ ಬಾರಿಗೆ ಮಳೆಗಾಲದಲ್ಲೂ ಹಗಲಿರುಳು ಓಡಿತ್ತು. ಅದು ಓಡಬೇಕೆಂದೇ ತಾನೆ ನಾವು ಹೋದದ್ದು!

ತುಂಬಿದ ಸಿಲಿಂಡರ್ ತರಿಸೋಣವೆಂದರೆ ಜೀಪು ಹಳ್ಳದ ಈಚೆಗೇ ನಿಂತಿತು. ನೀರು ಇಳಿದು ಅದು ಬರುವಷ್ಟರಲ್ಲಿ ಲೈನ್‌ಮನ್ ತಂತಿ ಎಳೆದು ಹೋಗಿದ್ದರು. ಜಪಾನಿನಲ್ಲಿ 2009ರಿಂದ ಮಾರಾಟದಲ್ಲಿರುವ ಮನೆಬಳಕೆಯ ಫ್ಯೂಯಲ್ ಸೆಲ್‌ಗಳು ಕೊಳವೆ ಅನಿಲ ಅಥವಾ ಎಲ್‌ಪಿಜಿಯಿಂದಲೇ ಜಲಜನಕ ತೆಗೆದುಕೊಳ್ಳುತ್ತವೆ. ಅಡುಗೆಯ ಸಿಲಿಂಡರ್ ಹೇಗೂ ಬರುವ ಊರಿಗೆ ಅದೇ ಸರಿ ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ನಮ್ಮ ಕೈಯಲ್ಲಿದ್ದದ್ದು ಕೆಂಪು ಸಿಲಿಂಡರ್.

ಈಗ ಸಮೀಕ್ಷೆಗೆ ಹೋದರೆ ಬಿಲ್ಲಿನ ಜೊತೆಗೆ ಆ ತಿಂಗಳು ಎಷ್ಟು ದಿನ ಕರೆಂಟು ಇತ್ತೆಂದು ಕೇಳುತ್ತೇನೆ, ಅದೂ ಅಡುಗೆಮನೆಯಲ್ಲಿ ನಿಂತು. ಫ್ರಿಜ್ಜಿಗೆ ಒಂದು ದಿನ ಮೀಟರ್ ಹಾಕಿಡುತ್ತೇನೆ. ಆ ಮನೆಗೆ ಮೂರನೆಯ ಸಿಲಿಂಡರ್ ಮೇ ತಿಂಗಳಲ್ಲೇ, ಸಂಕ ಒಣಗಿರುವಾಗಲೇ, ದಾಟಿಸಿದ್ದೇವೆ.