ರಥ ಆಟಿಕೆಯಂತೆ ಕಾಣಬಾರದು

ಹಂಪಿಯ ಕಲ್ಲಿನ ರಥ ಒಂದೊಂದೇ ತುಂಡು ಸೇರಿಕೊಂಡು ತಾನಾಗಿಯೇ ಎದ್ದು ನಿಲ್ಲಬೇಕು. ಅಂಥದ್ದೊಂದು ಸ್ಟಾಪ್ ಮೋಷನ್ (ವಸ್ತುವನ್ನು ಚೂರುಚೂರೇ ಬದಲಿಸುತ್ತಾ ತೆಗೆದ ಫೋಟೋಗಳನ್ನು ಓಡಿಸಿ ಮಾಡುವ ಚಿತ್ರ) ಮಾಡೋಣ ಅಂತ ಹೊಸಪೇಟೆಯ ಅಕ್ಕನ ಮಗಳು ರಜೆಯಲ್ಲಿ ಹಿಡಿದ ಪಟ್ಟು. ಅದೂ ಈಗ ನಾವು ನೋಡುವ ರಥ ಅಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಇವತ್ತು ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ನಿಂತು ನೋಡಿದರೆ ಅದಿಲ್ಲ. ಆ ಶಿಖರ ಇರುವ ರಥವೇ ಬೇಕು ಅಂದಳು. ಮೌಂಟ್ ಬೋರ್ಡ್ ಮತ್ತು ಜೇಡಿಮಣ್ಣಿನಲ್ಲಿ ಸುಮಾರು 18 ಸೆಂಟಿಮೀಟರ್ ಉದ್ದದ ರಥ ಸಿದ್ಧವಾಯಿತು. ಚಕ್ರದ ಮೇಲಿನ ಹೂವಿನ ಸುತ್ತುಗಳನ್ನು ಅವಳು ಸೂಜಿಯ ಮೊನೆಯಲ್ಲೇ ಕೊರೆದಿದ್ದಳು. ಆ ಗೆರೆಗಳು ಪರದೆಯ ಮೇಲೆ ಕಾಣಲೇಬೇಕು ಅಂತ ನನಗೆ ಅನಿಸಿದ್ದು ಆಗಲೇ.

ಚಿಕ್ಕ ವಸ್ತುವನ್ನು ಹತ್ತಿರದಿಂದ ಚಿತ್ರಿಸಿದರೆ ಮುಂದಿನ ಆನೆ ಚೊಕ್ಕವಾಗಿ ಬರುತ್ತದೆ, ಹಿಂದಿನ ಚಕ್ರ ಮಂಜಾಗುತ್ತದೆ. ಆ ಮಂಜು ಕಂಡ ತಕ್ಷಣ ನೋಡುವವರ ಕಣ್ಣು ಇದು ಆಟಿಕೆ ಅಂತ ತೀರ್ಮಾನಿಸಿಬಿಡುತ್ತದೆ. ನಿಜವಾದ ರಥವನ್ನು ಇಪ್ಪತ್ತು ಮೂವತ್ತು ಅಡಿ ದೂರದಿಂದ ನೋಡುವಾಗ ಆನೆಯ ಸೊಂಡಿಲಿನಿಂದ ಹಿಂದಿನ ಗೋಡೆಯವರೆಗೆ ಎಲ್ಲವೂ ಒಂದೇ ಸಮ ಸ್ಪಷ್ಟ. ಅಷ್ಟೆತ್ತರದ ಕಲ್ಲು ಅಂತ ನಂಬಿಕೆ ಬರುವುದೂ ಅದರಿಂದಲೇ. ದೊಡ್ಡ ಊರಿನ ಫೋಟೋದ ಮೇಲೆ ಕೆಳಗೆ ಮಸುಕು ಮಾಡಿ ಬಸ್ಸು ಕಾರುಗಳನ್ನೆಲ್ಲ ಆಟಿಕೆಯಂತೆ ತೋರಿಸುತ್ತಾರಲ್ವಾ? ನಮಗೆ ಬೇಕಿದ್ದದ್ದು ಸರಿಯಾಗಿ ಅದರ ತಿರುವು ಮುರುವು.

ಹಾಗಾಗಿ ಆ ದಿನ ಬೆಳಿಗ್ಗೆ ಮೊದಲು ಕೂತದ್ದು ಲೆಕ್ಕಕ್ಕೆ. ಕ್ಯಾಮೆರಾ ಕ್ರಾಪ್ ಸೆನ್ಸರ್‌ನದು, ಅಂದರೆ ಬೆಳಕು ಹಿಡಿಯುವ ಫಲಕ ಹಳೆಯ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು; 24 ಮೆಗಾಪಿಕ್ಸೆಲ್. ಅದಕ್ಕೆ ಅಡಾಪ್ಟರ್ ಇಟ್ಟು ಫಿಲ್ಮ್ ಕಾಲದ 50 ಎಂಎಂ ಲೆನ್ಸ್ ಹಾಕಿದೆ. ಎರಡು ಅಡಿ ದೂರದಲ್ಲಿ ನಿಲ್ಲಿಸಿದರೆ ಫ್ರೇಮಿನ ಅಗಲ ಹೆಚ್ಚುಕಡಿಮೆ 24 ಸೆಂಟಿಮೀಟರ್. ರಥ ಆರಾಮಾಗಿ ಹಿಡಿಸುತ್ತದೆ. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯೇ ಅಪರ್ಚರ್; ಎಫ್ ಸಂಖ್ಯೆ ದೊಡ್ಡದಾದಷ್ಟೂ ಆ ಕಿಂಡಿ ಚಿಕ್ಕದು. ಈ ದೂರದಲ್ಲಿ ಎಫ್ 2.8 ಇಟ್ಟರೆ ಸ್ಪಷ್ಟವಾಗಿ ಸಿಗುವ ಆಳ ಒಂದು ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ, ಅಷ್ಟೇ. ಎಫ್ 8ಕ್ಕೆ ಮೂರೂವರೆ, ಎಫ್ 11ಕ್ಕೆ ಐದರ ಹತ್ತಿರ, ಎಫ್ 16ಕ್ಕೆ ಏಳು. ಲೆನ್ಸ್ ಬದಲಿಸಿ ಅಷ್ಟೇ ಫ್ರೇಮ್ ಇಟ್ಟರೆ ಈ ಆಳದಲ್ಲಿ ಹೇಳುವಂಥ ವ್ಯತ್ಯಾಸ ಬರುವುದಿಲ್ಲ. ಎಫ್ 22ಕ್ಕೆ ಹೋಗಬಹುದು, ಆದರೆ ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ. ಸೂಜಿಯ ಗೆರೆಗಳು ಮೊದಲು ಹೋಗುವುದೇ ಅಲ್ಲಿ.

ಎಫ್ 11ರಲ್ಲೇ ನಿಂತು ರಥವನ್ನು ತಿರುಗಿಸಿದೆವು. ಮೂಲೆಯಿಂದ ಕಾಣುವ ಬದಲು ಪಕ್ಕದಿಂದ ಕಾಣುವಂತೆ, ಆನೆಗಳು ಮಾತ್ರ ಸ್ವಲ್ಪ ನಮ್ಮ ಕಡೆ ಬರುವಂತೆ. ಕಣ್ಣಿಗೆ ಬೀಳುವ ಭಾಗದ ಆಳ ನಾಲ್ಕೂವರೆ ಸೆಂಟಿಮೀಟರ್‌ಗೆ ಇಳಿಯಿತು. ಅದು ಎಫ್ 11ರ ಲೆಕ್ಕದೊಳಗೆ ಕೂರುತ್ತದೆ. ಚಿಕ್ಕ ಮಾದರಿಗಳ ವಿಷಯದಲ್ಲಿ ಒಳ್ಳೆಯ ಲೆನ್ಸಿಗಿಂತ ಈ ತಿರುಗಿಸುವ ಕೆಲಸಕ್ಕೇ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಇನ್ನು ಫೋಕಸ್ ಎಲ್ಲಿ ಇಡೋದು? ದೂರದ ದೃಶ್ಯಕ್ಕೆ ಮುಂದೆ ಒಂದು ಪಾಲು, ಹಿಂದೆ ಎರಡು ಪಾಲು ಸ್ಪಷ್ಟ ಅಂತ ಹೇಳುವ ರೂಢಿ ಇದೆ. ಇಷ್ಟು ಹತ್ತಿರದಲ್ಲಿ ಅದು ನಡೆಯಲ್ಲ. ಮುಂದೆ ಹಿಂದೆ ಸರಿಸುಮಾರು ಸಮ. ಆದ್ದರಿಂದ ಸೊಂಡಿಲಿಗೂ ಹಿಂದಿನ ಗೋಡೆಗೂ ನಟ್ಟನಡುವೆ ಫೋಕಸ್ ಬೀಳಬೇಕು. ಅಲ್ಲಿ ಹಿಡಿಯಲು ಏನೂ ಇಲ್ಲದಿದ್ದರೆ? ಅಕ್ಕನ ಮಗಳು ಪರ್ಸಿನಿಂದ 50 ರೂಪಾಯಿಯ ನೋಟು ತೆಗೆದಳು. ಅದರ ಹಿಂಬದಿಯಲ್ಲಿ ಇದೇ ರಥ ಇದೆ. ನೋಟನ್ನು ಒಂದು ರಟ್ಟಿಗೆ ಅಂಟಿಸಿ ನಡುವಿನ ಆ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದೆವು. ಕ್ಯಾಮೆರಾ ಪರದೆಯ ಲೈವ್ ವ್ಯೂ ಹತ್ತು ಪಟ್ಟು ಹಿಗ್ಗಿಸಿ, ಅಪರ್ಚರ್ ಪೂರ್ತಿ ತೆರೆದು, ಫೋಕಸ್ ರಿಂಗನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿದೆ. ನೋಟಿನ ರಥದ ಚಕ್ರ ಮೊದಲು ಬರೀ ನೀಲಿ ಮಚ್ಚೆ. ಆಮೇಲೆ ಒಂದು ಸುತ್ತು. ಆಮೇಲೆ ಒಂದರ ಪಕ್ಕ ಒಂದು ಗೆರೆ ಬಿಡಿಬಿಡಿಯಾಗಿ ಎದ್ದು ಬಂತು. ಅಲ್ಲಿಗೆ ನಿಲ್ಲಿಸಿ ರಿಂಗಿನ ಮೇಲೆ ಟೇಪ್ ಸುತ್ತಿ, ಅಪರ್ಚರ್ ಮತ್ತೆ 11ಕ್ಕೆ ತಂದು ಅದಕ್ಕೂ ಟೇಪ್ ಹಾಕಿದೆ.

ಹಳೆಯ ಲೆನ್ಸೇ ಯಾಕೆ ಅಂದರೆ, ಹೊಸ ಲೆನ್ಸಿನಲ್ಲಿ ಪ್ರತಿ ಕ್ಲಿಕ್ಕಿಗೂ ಅಪರ್ಚರ್ ಎಲೆಗಳು ಮುಚ್ಚಿ ತೆರೆಯುತ್ತವೆ. ಪ್ರತಿ ಸಲ ಅದೇ ಅಳತೆಗೆ ಮುಚ್ಚಲ್ಲ. ಒಂದು ಫೋಟೋದಲ್ಲಿ ಗೊತ್ತಾಗದ ಈ ವ್ಯತ್ಯಾಸ ಸೆಕೆಂಡಿಗೆ 12 ಫೋಟೋ ಓಡುವಾಗ ಮಿಣುಕಾಗಿ ಕಾಣುತ್ತದೆ. ಕೈಯಲ್ಲಿ ತಿರುಗಿಸುವ ಲೆನ್ಸು ಇಟ್ಟಲ್ಲೇ ಇರುತ್ತದೆ.

ಕಟ್ಟುವ ದೃಶ್ಯಗಳಿಗೆ ಒಂದು ವಿಶೇಷ ತೊಡಕು ಇದೆ. ಶುರುವಿನಲ್ಲಿ ಮೇಜಿನ ಮೇಲೆ ಒಂದು ಚಪ್ಪಟೆ ಪೀಠ ಬಿಟ್ಟು ಬೇರೆ ಏನೂ ಇರುವುದಿಲ್ಲ. ಆನೆ ಬರುವುದು ಕೊನೆಗೆ, ಅದೂ ಎಲ್ಲಕ್ಕಿಂತ ಮುಂದಕ್ಕೆ. ಇನ್ನೂ ಬಾರದ ತುಂಡಿಗೆ ಮೊದಲೇ ಫೋಕಸ್ ಇಟ್ಟುಕೊಳ್ಳಬೇಕು. ಆಟೋಫೋಕಸ್ ಬಿಟ್ಟರೆ ಅದು ಪ್ರತಿ ಹೊಸ ತುಂಡಿನ ಹಿಂದೆ ಓಡುತ್ತದೆ. ಫೋಕಸ್ ಬದಲಾದಾಗ ಫ್ರೇಮಿನ ಅಗಲವೂ ಚೂರು ಬದಲಾಗಿ ಚಿತ್ರ ಉಸಿರಾಡಿದ ಹಾಗೆ ಕಾಣುತ್ತದೆ. ನಾವು ಮಾಡಿದ್ದು ಇಷ್ಟೇ: ರಥವನ್ನು ಪೂರ್ತಿ ನಿಲ್ಲಿಸಿ, ಎಲ್ಲ ಮೂಲೆಯನ್ನೂ ಹಿಗ್ಗಿಸಿ ನೋಡಿ, ಅಲ್ಲಿಂದ ಬಿಚ್ಚುತ್ತಾ ಹೋದೆವು. ಮೊದಲು ಆನೆ, ಆಮೇಲೆ ಶಿಖರದ ತುದಿ, ಹಾಗೇ ಕೆಳಗೆ. ಫೋಟೋಗಳನ್ನು ಹಿಂದಿನಿಂದ ಮುಂದಕ್ಕೆ ಓಡಿಸಿದರೆ ರಥ ಕಟ್ಟಿಕೊಳ್ಳುತ್ತದೆ. ತುಂಡುಗಳನ್ನು ಅಂಟಿಸದೆ ಬ್ಲೂ ಟ್ಯಾಕ್ (ಅಂಟಿಸಿ ಮತ್ತೆ ಕೀಳಬಹುದಾದ ಮೆತ್ತನೆಯ ಅಂಟು) ಚುಕ್ಕೆ ಇಟ್ಟಿದ್ದರಿಂದ ಬಿಡಿಸುವುದೂ ಸಲೀಸು. ಕಟ್ಟುವ ದೃಶ್ಯ ಮಾಡುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಇದನ್ನೇ.

ಕಿಟಕಿಗಳಿಗೆ ಕಂಬಳಿ ಕಟ್ಟಿ, ಎರಡು ಎಲ್‌ಇಡಿ ದೀಪ ಹಚ್ಚಿ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100 ಇಟ್ಟೆವು. ಎಫ್ 11ಕ್ಕೆ ಅರ್ಧ ಸೆಕೆಂಡಿನ ಎಕ್ಸ್‌ಪೋಶರ್ ಬೇಕಾಯಿತು. ಓಡುವ ಮಗುವಿನ ಫೋಟೋಗೆ ಇದು ಆಗದ ಮಾತು. ಮಣ್ಣಿನ ರಥ ಅಲ್ಲಾಡುವುದಿಲ್ಲವಲ್ಲ, ಎಷ್ಟು ಹೊತ್ತು ಬೇಕಾದರೂ ತೆರೆದಿಡಬಹುದು. ಇಷ್ಟು ಉದ್ದದ ಎಕ್ಸ್‌ಪೋಶರ್‌ನಲ್ಲಿ ಕರೆಂಟಿನ 50 ಹರ್ಟ್ಸ್ ಮಿಣುಕೂ ಸಮವಾಗಿ ಬೆರೆತುಹೋಗುತ್ತದೆ. ಆದರೆ ಅರ್ಧ ಸೆಕೆಂಡಿನಲ್ಲಿ ಯಾವ ಅದುರುವಿಕೆ ಆದರೂ ಮಸುಕು. ಹಾಗಾಗಿ ಟ್ರೈಪಾಡಿನ ಕಾಲುಗಳನ್ನು ನೆಲಕ್ಕೆ ಟೇಪ್ ಮಾಡಿ, ರಿಮೋಟ್‌ನಲ್ಲಿ ಕ್ಲಿಕ್ ಮಾಡಿದೆವು. ಫ್ಯಾನ್ ಬಂದ್. ಹೊಸಪೇಟೆಯ ಬಿಸಿಲಿಗೆ, ಕಂಬಳಿ ಕಟ್ಟಿದ ಕೋಣೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಏನು ಅಂತ ಅಲ್ಲಿಯವರಿಗೇ ಗೊತ್ತು. ಅಕ್ಕ ಬಾಗಿಲ ಸಂದಿಯಿಂದ ಮಜ್ಜಿಗೆ ಒಳಗೆ ಕಳಿಸುತ್ತಿದ್ದಳು. ಮಧ್ಯಾಹ್ನ ಕರೆಂಟ್ ಹೋಗಿ ಬರುವವರೆಗೆ ಯಾರೂ ಮೇಜು ಮುಟ್ಟಲಿಲ್ಲ.

ಚಕ್ರ ಒಂದನ್ನೇ ಹತ್ತಿರದಿಂದ ತೋರಿಸುವ ತುಣುಕು ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ಇನ್ನೂ ಹತ್ತಿರ ಹೋಗಲು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಎಕ್ಸ್‌ಟೆನ್ಶನ್ ಟ್ಯೂಬ್ ಅನ್ನುವ ಕೊಳವೆ ಹಾಕಿ 5 ಸೆಂಟಿಮೀಟರ್ ಅಗಲದ ಫ್ರೇಮ್ ಇಟ್ಟರೆ ಎಫ್ 11ಕ್ಕೂ ಸಿಗುವ ಆಳ 3 ಮಿಲಿಮೀಟರ್. ಚಕ್ರದ ಗುಂಬ ಸ್ಪಷ್ಟವಾದರೆ ಅಂಚು ಹೋಯಿತು ಅಂತಲೇ ಅರ್ಥ. ಟ್ಯೂಬ್ ಬಿಟ್ಟು, ಲೆನ್ಸ್ ಅನುಮತಿಸುವ 45 ಸೆಂಟಿಮೀಟರ್‌ನಲ್ಲೇ ನಿಂತೆವು. ಫೋಟೋದ ಅಗಲ 6000 ಪಿಕ್ಸೆಲ್, ಸಿನಿಮಾಕ್ಕೆ ಬೇಕಿದ್ದದ್ದು 1920. ನಡುವಿನ ಭಾಗವನ್ನಷ್ಟೇ ಕತ್ತರಿಸಿಕೊಂಡಾಗ ಆಳ 7 ಮಿಲಿಮೀಟರ್ ದಾಟಿತು. ಸೆನ್ಸರನ್ನೇ ಚಿಕ್ಕದು ಮಾಡಿಕೊಂಡ ಲೆಕ್ಕ ಇದು. ಫೋನಿನ ಪುಟ್ಟ ಸೆನ್ಸರ್ ಇಂಥ ಕೆಲಸಕ್ಕೆ ಒಗ್ಗುವುದೂ ಇದೇ ಕಾರಣಕ್ಕೆ. ಫೋನಿನಲ್ಲಿ ಮಾಡುವವರು ಪರದೆಯನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಎರಡನ್ನೂ ಲಾಕ್ ಮಾಡಿಕೊಂಡರೆ ಸಾಕು.

ರಾತ್ರಿ ಲ್ಯಾಪ್‌ಟಾಪಿನಲ್ಲಿ ತಿರುವಿ ಓಡಿಸಿದೆವು. ಪೀಠ ಬಂತು, ಚಕ್ರಗಳು ಉರುಳಿ ಬಂದು ಕೂತವು, ಕಂಬ, ಗೋಡೆ, ಮೇಲೆ ಶಿಖರ. ಕೊನೆಗೆ ಆನೆಗಳು. ಸೂಜಿಯ ಗೆರೆಗಳನ್ನು ಅಕ್ಕ ದೂರದ ಕುರ್ಚಿಯಿಂದಲೇ ಗುರುತಿಸಿದಳು. ಹುಡುಗಿಗೆ ಈಗ ರಥದ ಹಿಂದೆ ಸಂಗೀತ ಕಂಬಗಳ ಮಂಟಪವೂ ಬೇಕಂತೆ. ಅಷ್ಟು ಆಳಕ್ಕೆ ಯಾವ ಅಪರ್ಚರ್ ಕೂಡ ಸಾಲದು. ಪ್ರತಿ ಹೆಜ್ಜೆಗೂ ರಥಕ್ಕೊಂದು, ಮಂಟಪಕ್ಕೊಂದು ಫೋಕಸ್ ಇಟ್ಟು ಎರಡೆರಡು ಫೋಟೋ ತೆಗೆದು ಬೆಸೆಯಬೇಕು. ರಿಂಗಿನ ಮೇಲೆ ಎರಡು ಬಣ್ಣದ ಗುರುತು ಹಾಕಿ ಇಟ್ಟಿದ್ದೇನೆ, ಕಂಬಗಳನ್ನು ಅವಳು ಕೊರೆಯುತ್ತಿದ್ದಾಳೆ.