ಬಸ್ ಚಾರ್ಜು, ಕೂಲಿ, ಐದು ಡಾಲರ್

"ಮೇಡಮ್ಮಾರ, ಹೋಗಿ ಬರಾಕ ನೂರಾ ಇಪ್ಪತ್ತು ರೂಪಾಯಿ ಬೇಕ್ರಿ. ಅವತ್ತಿನ ಕೂಲೀನೂ ಹೋಗ್ತೈತಿ."

ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ಎಚ್‌ಐವಿ ಆಪ್ತಸಮಾಲೋಚಕಿ. 2016ರ ಉಳ್ಳಾಗಡ್ಡಿ ಸುಗ್ಗಿಯಲ್ಲಿ ಆರು ತಿಂಗಳ ಬಸುರಿಯೊಬ್ಬಳು ಹೀಗಂದಳು. ಹಿಂದಿನ ತಿಂಗಳು ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿರಲಿಲ್ಲ ಅಂತ ಅದಾಗಲೇ ಬೈದುಬಿಟ್ಟಿದ್ದೆ. ಅವಳು ಸುಮ್ಮನೆ ಚೀಲದಿಂದ ಗುಳಿಗೆ ಡಬ್ಬಿ ತೆಗೆದಳು. ಮೇಲಿನ ಚೀಟಿ ಕಿತ್ತಿದ್ದಳು. ಅಲುಗಿದರೆ ಸದ್ದಾಗಬಾರದು ಅಂತ ಒಳಗೆ ಹತ್ತಿ ತುರುಕಿದ್ದಳು. ಅತ್ತೆಗೆ ಅದು "ರಕ್ತದ ಗುಳಿಗಿ". ಇಷ್ಟು ಜೋಪಾನ ಮಾಡುವವಳಿಗೆ ನಾನು ಬುದ್ಧಿ ಹೇಳಲು ಹೋಗಿದ್ದೆ!

ತಾಯಿಯ ಸೋಂಕು ಕೂಸಿಗೆ ದಾಟಬಾರದು ಅಂತ ತಾಯಿಗೆ ದಿನಾ ಗುಳಿಗೆ, ಹುಟ್ಟಿದ ಕೂಸಿಗೆ ಕನಿಷ್ಠ ಆರು ವಾರ ನೆವಿರಪಿನ್ ಸಿರಪ್, ಆರನೇ ವಾರಕ್ಕೆ ಪರೀಕ್ಷೆಗೆ ಕೂಸಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ. ಏನೂ ಮಾಡದಿದ್ದರೆ ನೂರರಲ್ಲಿ 15ರಿಂದ 45 ಕೂಸುಗಳಿಗೆ ಸೋಂಕು ದಾಟುತ್ತೆ. ಸರಿಯಾಗಿ ಮಾಡಿದರೆ 5ಕ್ಕಿಂತ ಕಡಿಮೆ. ಔಷಧ ಪುಕ್ಕಟೆ. ಅದನ್ನು ತರಲು ಹೋಗುವ ದಿನ ಪುಕ್ಕಟೆಯಲ್ಲ.

ಅದೇ ವರ್ಷ ಕಾಂಗೋದ ಕಿನ್ಶಾಸಾದ ಅಧ್ಯಯನವೊಂದು ಪ್ರಕಟವಾಗಿತ್ತು, ನಾನು ಓದಿದ್ದು ಬಹಳ ತಡವಾಗಿ. ಹೊಸದಾಗಿ ಸೋಂಕು ಗೊತ್ತಾದ 433 ಬಸುರಿಯರು. ಅರ್ಧ ಜನಕ್ಕೆ, ತಪ್ಪದೆ ಬಂದು ಹೇಳಿದ ಚಿಕಿತ್ಸೆ ತಗೊಂಡರೆ ಮೊದಲು 5 ಡಾಲರ್, ಆಮೇಲೆ ಪ್ರತಿ ಭೇಟಿಗೂ ಒಂದೊಂದು ಡಾಲರ್ ಜಾಸ್ತಿ. ಹೆರಿಗೆಯಾಗಿ ಆರು ವಾರಕ್ಕೆ ದುಡ್ಡು ಸಿಕ್ಕವರಲ್ಲಿ ನೂರಕ್ಕೆ 81 ಮಂದಿ ಇನ್ನೂ ಚಿಕಿತ್ಸೆಯಲ್ಲಿದ್ದರು, ಸಿಗದವರಲ್ಲಿ 72. ಎಲ್ಲ ಭೇಟಿಗೂ ಬಂದು ಎಲ್ಲ ಸೇವೆಯನ್ನೂ ಪಡೆದವರು ದುಡ್ಡು ಸಿಕ್ಕವರಲ್ಲಿ ನೂರಕ್ಕೆ 68, ಸಿಗದವರಲ್ಲಿ 53.

"ಲಂಚ ಕೊಟ್ಟು ಗುಳಿಗೆ ನುಂಗಿಸೋದಾ?" ಅಂದರು, ಇದನ್ನು ಕೇಳಿದ ನಮ್ಮ ಸಹೋದ್ಯೋಗಿಯೊಬ್ಬರು. ಮೀಟಿಂಗಿಗೆ ಹೋದಾಗ ಟಿಎ ಬಿಲ್ಲು ಮೊದಲು ಬರೆಯುವವರು ಅವರೇ, ಇರಲಿ. ನನ್ನ ತಕರಾರು ಬೇರೆ. ಕಿನ್ಶಾಸಾದಲ್ಲಿ ಒಂದು ಸಲ ಭೇಟಿ ತಪ್ಪಿಸಿದರೆ ಲೆಕ್ಕ ಮತ್ತೆ 5 ಡಾಲರಿಗೆ ಇಳಿಯುತ್ತಿತ್ತು. ಕೈಯಲ್ಲಿ ಕಾಸಿಲ್ಲದೆ ತಪ್ಪಿಸಿದವಳಿಗೇ ಅಲ್ಲವಾ ಆ ಪೆಟ್ಟು?

2023ರಲ್ಲಿ ಶಕ್ತಿ ಯೋಜನೆ ಬಂದು ಬಸ್ ಚಾರ್ಜು ಉಳಿಯಿತು. ಕೂಲಿ ಹೋಗೋದು ಹಾಗೇ ಇದೆ. ಮೊನ್ನೆ ಇನ್ನೊಬ್ಬ ಬಾಣಂತಿಗೆ ಕಿನ್ಶಾಸಾದ ಕತೆ ಹೇಳಿದೆ. ಕೂಸಿನ ಕಾಲಿಗೆ ಸಾಕ್ಸ್ ಏರಿಸುತ್ತ ಕೇಳಿಸಿಕೊಂಡಳು.

"ಕೊಡೂದಾದ್ರ ಕೈಯಾಗ ಕೊಡ್ರಿ ಅಕ್ಕಾರ. ಖಾತೆಗೆ ಹಾಕಿದ್ರ ಮೆಸೇಜು ನಮ್ಮ ಮೈದುನನ ಫೋನಿಗೆ ಹೋಗ್ತೈತಿ."